ಡೋಲೊಮೈಟ್ ಬೆಟ್ಟಗಳ ನಡುವೆ ಭಾಷೆಯ ಪಾಠ

ಇಟಾಲಿಯನ್ ಕಲಿಯಲೆಂದು ಹೊರಟ ವಿದ್ಯಾರ್ಥಿಯೊಬ್ಬ ಉತ್ತರ ಇಟಲಿಯ ದಕ್ಷಿಣ ಟಿರೋಲ್ ಪ್ರಾಂತದ ಹಳ್ಳಿಯಲ್ಲಿ ಬಸ್ಸಿಳಿದು 'ಬ್ವೊನ್ ಜೋರ್ನೊ' ಎಂದರೆ, ಎದುರಿನಿಂದ 'ಗ್ರೂಸ್ ಗಾಟ್' ಎಂಬ ಜರ್ಮನ್ ಉತ್ತರ ಬರಬಹುದು. ಅದೇ ಪ್ರಾಂತದ ಬಾಡಿಯಾ ಕಣಿವೆಗೆ ಹೋದರೆ 'ಬುನ್ ದೆ' ಎನ್ನುತ್ತಾರೆ. ಅದು ಲದೀನ್ ಭಾಷೆ. ಮೂರೂ ನಮಸ್ಕಾರಗಳೇ, ಮೂರೂ ಇಟಲಿಯವೇ!

ಆಲ್ಪ್ಸ್ ಪರ್ವತಶ್ರೇಣಿಯ ಭಾಗವಾದ ಡೋಲೊಮೈಟ್ ಬೆಟ್ಟಗಳು ಇರುವುದು ಈ ಸೀಮೆಯಲ್ಲಿ. 2009ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೇಸಿಗೆಯ ಭಾಷಾ ಶಿಬಿರಕ್ಕೆ ಇಂಥ ಊರುಗಳು ಹೇಳಿ ಮಾಡಿಸಿದಂತಿವೆ. ಇಂಥ ಶಿಬಿರಗಳಲ್ಲಿ ಸಾಮಾನ್ಯವಾಗಿ ಬೆಳಗ್ಗೆ ತರಗತಿ, ಮಧ್ಯಾಹ್ನ ಚಾರಣ. ತರಗತಿಯಲ್ಲಿ ಕಲಿತ 'ಎಡಕ್ಕೆ', 'ಬಲಕ್ಕೆ' ಎಂಬ ಪದಗಳು ಕವಲುದಾರಿಯಲ್ಲಿ ನಿಂತಾಗ ಕೆಲಸಕ್ಕೆ ಬರುತ್ತವೆ. ಬೆಟ್ಟದ ಮೇಲಿನ ತಂಗುಮನೆಯಲ್ಲಿ ಬಿಸಿ ಸೂಪು ಬೇಕಾದರೆ ಬಾಯಿ ಬಿಡಲೇಬೇಕು. ಹಸಿವಿಗಿಂತ ಒಳ್ಳೆಯ ಮೇಷ್ಟ್ರು ಇನ್ನಾರಿದ್ದಾರೆ?

ಆದರೆ ಕಲಿಯುವುದು ಯಾವ ಭಾಷೆ? ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಹೊರಟರೆ ಹಣವೂ ರಜೆಯೂ ವ್ಯರ್ಥವಾದೀತು.

ಒಂದು ಪ್ರಾಂತ, ಮೂರು ಭಾಷೆ

ದಕ್ಷಿಣ ಟಿರೋಲ್ ಮೊದಲನೆಯ ಮಹಾಯುದ್ಧದವರೆಗೆ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. 1919ರ ಒಪ್ಪಂದದಂತೆ ಅದು ಇಟಲಿಗೆ ಸಂದಿತು. ಗಡಿ ಬದಲಾಯಿತು, ಜನರ ನಾಲಗೆ ಬದಲಾಗಲಿಲ್ಲ. 2011ರ ಗಣತಿಯಲ್ಲಿ ಅಲ್ಲಿ ನೂರಕ್ಕೆ ಸುಮಾರು 69 ಮಂದಿ ಜರ್ಮನ್, 26 ಮಂದಿ ಇಟಾಲಿಯನ್, ನಾಲ್ಕೂವರೆಯಷ್ಟು ಮಂದಿ ಲದೀನ್ ಭಾಷಾವರ್ಗಕ್ಕೆ ಸೇರಿದವರೆಂದು ಬರೆಸಿದರು. ರಾಜಧಾನಿ ಬೊಲ್ಜಾನೊ ನಗರದಲ್ಲಿ ಇಟಾಲಿಯನ್ ಮಾತಿನವರೇ ಹೆಚ್ಚು. ದಕ್ಷಿಣಕ್ಕೆ ಅಂಟಿಕೊಂಡಿರುವ ಟ್ರೆಂಟಿನೊ ಪ್ರಾಂತದಲ್ಲೂ ಇಟಾಲಿಯನ್ನೇ ಪ್ರಧಾನ.

ಅಂದಮೇಲೆ ಇಟಾಲಿಯನ್ ಕಲಿಯುವವರಿಗೆ ಟ್ರೆಂಟಿನೊ ಅಥವಾ ಬೊಲ್ಜಾನೊ ಲೇಸು. ಜರ್ಮನ್ ಬೇಕೆನ್ನುವವರಿಗೆ ದಕ್ಷಿಣ ಟಿರೋಲಿನ ಹಳ್ಳಿಗಳು.

ಗುಟ್ಟಿನ ಶಾಲೆಗಳು

ಇಂದು ಮಕ್ಕಳು ನಗುತ್ತಾ ಓದುವ ಅಲ್ಲಿನ ದ್ವಿಭಾಷಾ ನಾಮಫಲಕಗಳ ಹಿಂದೆ ನೋವಿನ ಕತೆಯೊಂದಿದೆ. 1922ರಲ್ಲಿ ಮುಸೊಲಿನಿ ಅಧಿಕಾರಕ್ಕೆ ಬಂದ. 1923ರಿಂದ ಶಾಲೆಗಳಲ್ಲಿ ಜರ್ಮನ್ ಮಾಧ್ಯಮವನ್ನು ಕೆಳಗಿನ ತರಗತಿಯಿಂದ ಮೊದಲುಗೊಂಡು ಒಂದೊಂದಾಗಿ ತೆಗೆದುಹಾಕಲಾಯಿತು. ಊರುಗಳಿಗೆ ಇಟಾಲಿಯನ್ ಹೆಸರು ಬಂತು. ಖಾಸಗಿಯಾಗಿ ಜರ್ಮನ್ ಹೇಳಿಕೊಡುವುದೂ ಅಪರಾಧವೆನಿಸಿತು.

ಆಗ ಪಾಠ ಅಡಗಿಕೊಂಡಿತು. ಹುಲ್ಲಿನ ಕೊಟ್ಟಿಗೆ, ಅಟ್ಟ, ಅಡುಗೆಮನೆಗಳಲ್ಲಿ ಪುಟ್ಟ ಪುಟ್ಟ ಗುಂಪುಗಳಾಗಿ ಮಕ್ಕಳು ಸೇರಿ ತಾಯ್ನುಡಿಯ ಅಕ್ಷರ ತಿದ್ದಿದರು. ಕಲಿಸಿದವರಲ್ಲಿ ಹೆಚ್ಚಿನವರು ತರುಣಿಯರು. ಸಿಕ್ಕಿಬಿದ್ದವರಿಗೆ ದಂಡ, ಸೆರೆ, ಗಡೀಪಾರು. ಪ್ರಾಚೀನ ರೋಮಿನ ನೆಲದಡಿಯ ಸಮಾಧಿ ಸುರಂಗಗಳ ನೆನಪಿನಲ್ಲಿ ಇವನ್ನು 'ಕಟಕೊಂಬ್ ಶಾಲೆ'ಗಳೆಂದು ಕರೆಯುತ್ತಾರೆ.

ಕಾಲ ಬದಲಾಯಿತು. 1972ರ ಸ್ವಾಯತ್ತತೆಯ ಶಾಸನ ಭಾಷಾ ಹಕ್ಕುಗಳಿಗೆ ಭದ್ರ ತಳಹದಿ ಹಾಕಿತು. ಈಗ ಜರ್ಮನ್ ಶಾಲೆಯ ಮಕ್ಕಳು ಇಟಾಲಿಯನ್ನನ್ನೂ, ಇಟಾಲಿಯನ್ ಶಾಲೆಯವರು ಜರ್ಮನನ್ನೂ ಕಡ್ಡಾಯವಾಗಿ ಕಲಿಯುತ್ತಾರೆ. ಲದೀನ್ ಕಣಿವೆಗಳ ಶಾಲೆಗಳಲ್ಲಿ ಅರ್ಧ ಪಾಠ ಜರ್ಮನ್‌ನಲ್ಲಿ, ಅರ್ಧ ಇಟಾಲಿಯನ್‌ನಲ್ಲಿ. ಜೊತೆಗೆ ಲದೀನ್ ಬೋಧನೆಯೂ ಉಂಟು. 1997ರಲ್ಲಿ ಬೊಲ್ಜಾನೊದಲ್ಲಿ ಆರಂಭವಾದ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಸೇರಿ ಮೂರು ಭಾಷೆಗಳಲ್ಲಿ ಬೋಧನೆ ನಡೆಯುತ್ತದೆ. ಒಂದು ಭಾಷೆಯನ್ನು ಹೇರಲು ಹೊರಟಾಗ ಸಾಧ್ಯವಾಗದ್ದು, ಎಲ್ಲ ಭಾಷೆಗಳಿಗೂ ಜಾಗ ಕೊಟ್ಟಾಗ ಸಾಧ್ಯವಾಯಿತು.

ಕಡಲ ತಳವೇ ಶಿಖರ

ವಿಜ್ಞಾನದ ವಿದ್ಯಾರ್ಥಿಗಳಿಗೆ ಮಧ್ಯಾಹ್ನದ ಚಾರಣದಲ್ಲೂ ಪಾಠವಿದೆ. ಸುಮಾರು 23-24 ಕೋಟಿ ವರ್ಷಗಳ ಹಿಂದೆ ಈ ಶಿಲೆಗಳು ಬೆಚ್ಚನೆಯ ಕಡಲಿನ ದಿಬ್ಬಗಳಾಗಿದ್ದವು. ಹಿಮಾಲಯದ ಪಾಠದಲ್ಲಿ ಬರುವ ಟೆಥಿಸ್ ಸಾಗರದ ಹೆಸರು ಇಲ್ಲಿಯೂ ಬರುತ್ತದೆ. ಮುಂದೆ ಭೂಫಲಕಗಳ ಒತ್ತಡಕ್ಕೆ ಸಿಕ್ಕಿ ಅವು ಮೇಲೆದ್ದವು. ಅತ್ಯುನ್ನತ ಶಿಖರ ಮಾರ್ಮೊಲಾದದ ಎತ್ತರ 3,343 ಮೀಟರ್.

ಸುಣ್ಣಕಲ್ಲಿನ ಮೇಲೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಬಿದ್ದರೆ ಬುಸುಗುಟ್ಟಿ ನೊರೆ ಬರುತ್ತದೆ. ಇಲ್ಲಿನ ಕಲ್ಲು ಹಾಗೆ ನೊರೆಯುಕ್ಕಿಸುವುದಿಲ್ಲವೆಂಬುದನ್ನು ಗಮನಿಸಿ 1791ರಲ್ಲಿ ವರದಿ ಮಾಡಿದವನು ಫ್ರಾನ್ಸಿನ ದೋಲೊಮ್ಯು. ಕ್ಯಾಲ್ಸಿಯಂ ಜೊತೆಗೆ ಮೆಗ್ನೀಸಿಯಂ ಕೂಡ ಸೇರಿದ ಈ ಕಾರ್ಬೊನೇಟಿಗೆ ಅವನ ಹೆಸರೇ ಬಂತು. ಕಲ್ಲಿನಿಂದ ಬೆಟ್ಟಕ್ಕೂ ಬಂತು.

ಸಂಜೆ ಈ ಮಸುಕು ಬಂಡೆಗಳು ಗುಲಾಬಿ ಬಣ್ಣಕ್ಕೆ ತಿರುಗುವುದನ್ನು ಲದೀನ್ ಜನ 'ಎನ್ರೊಸದೀರ' ಎನ್ನುತ್ತಾರೆ. ಕುಬ್ಜರ ರಾಜ ಲೌರಿನ್ ತನ್ನ ಗುಲಾಬಿ ತೋಟ ಹಗಲಲ್ಲೂ ಇರುಳಲ್ಲೂ ಯಾರಿಗೂ ಕಾಣದಿರಲಿ ಎಂದು ಶಪಿಸಿದನಂತೆ, ಮುಸ್ಸಂಜೆಯನ್ನು ಮರೆತನಂತೆ! ವಿಜ್ಞಾನ ಹೇಳುವುದು ಬೇರೆ: ಇಳಿಬಿಸಿಲು ವಾಯುಮಂಡಲದಲ್ಲಿ ಹೆಚ್ಚು ದೂರ ಸಾಗಿ ಬರುವಾಗ ನೀಲಿ ಚದುರಿಹೋಗಿ ಕೆಂಪು ಉಳಿಯುತ್ತದೆ.

ಕನ್ನಡದ ಕಿವಿಗೆ ಸುಲಭ

ಇಟಾಲಿಯನ್ ಕನ್ನಡಿಗರಿಗೆ ತೀರ ಅಪರಿಚಿತವೆನಿಸದು. ಅದರ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ. ಬಸ್ಸು, ಕಾರು ಎಂದು ರೂಢಿಯಾದ ನಾಲಗೆಗೆ ಅದು ಹಿತ. ಒತ್ತಕ್ಷರವೂ ಅಲ್ಲಿ ಮುಖ್ಯ. 'ಕಪೆಲ್ಲೊ' ಎಂದರೆ ತಲೆಗೂದಲು, 'ಕಪ್ಪೆಲ್ಲೊ' ಎಂದರೆ ಟೊಪ್ಪಿಗೆ. ಇಂಗ್ಲಿಷ್ ಮಾತಿನ ಮಕ್ಕಳು ಇಲ್ಲಿ ಎಡವುತ್ತಾರೆ. ಕತೆ ಬೇರೆ, ಕತ್ತೆ ಬೇರೆ ಎಂದು ತಿಳಿದ ಮಕ್ಕಳಿಗೆ ತೊಡಕಿಲ್ಲ.

ಪೋಷಕರು ಗಮನಿಸಬೇಕಾದದ್ದು

ಮೊದಲನೆಯದು ಕಾಲ. ಕರ್ನಾಟಕದ ಶಾಲೆಗಳಿಗೆ ಬೇಸಿಗೆ ರಜೆ ಏಪ್ರಿಲ್-ಮೇ ತಿಂಗಳಲ್ಲಿ. ಆಗ ಅಲ್ಲಿನ ಎತ್ತರದ ದಾರಿಗಳಲ್ಲಿ ಹಿಮ ಇನ್ನೂ ಕರಗಿರುವುದಿಲ್ಲ. ತಂಗುಮನೆಗಳು ಬಹುಮಟ್ಟಿಗೆ ತೆರೆಯುವುದೇ ಜೂನ್ ಮಧ್ಯದಲ್ಲಿ. ಆದ್ದರಿಂದ ಇದು ಯುರೋಪಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳಿಗೆ, ಇಲ್ಲವೇ ಪಿಯುಸಿ ಮುಗಿಸಿ ಮುಂದಿನ ತರಗತಿಗೆ ಕಾಯುತ್ತಿರುವವರಿಗೆ ಹೆಚ್ಚು ಹೊಂದುತ್ತದೆ. ಭಾರತದಿಂದ ಹೋಗುವವರಿಗೆ ಷೆಂಗೆನ್ ವೀಸಾ ಮತ್ತು ಕನಿಷ್ಠ 30,000 ಯೂರೊಗಳ ವೈದ್ಯಕೀಯ ವಿಮೆ ಕಡ್ಡಾಯ.

ಎರಡನೆಯದು ನಿರೀಕ್ಷೆ. ದಿನಕ್ಕೆ 3 ಗಂಟೆಯಂತೆ ವಾರಕ್ಕೆ 5 ದಿನ ಕಲಿತರೂ ಎರಡು ವಾರಕ್ಕೆ ಆಗುವುದು 30 ಗಂಟೆ. ಅಷ್ಟರಲ್ಲಿ ಭಾಷೆ ಕರಗತವಾಗದು. ಸಂಕೋಚ ಬಿಟ್ಟೀತು, ಕಿವಿ ತೆರೆದೀತು. ಒಂದು ಗುಂಪಿನಲ್ಲಿ ಎಷ್ಟು ಮಕ್ಕಳು, ಮಧ್ಯಾಹ್ನವೂ ಅದೇ ಭಾಷೆಯಲ್ಲಿ ಮಾತಾಡಿಸುತ್ತಾರೆಯೇ ಎಂದು ಮೊದಲೇ ವಿಚಾರಿಸಬೇಕು. ಶಿಬಿರದಲ್ಲಿ ದಿನವಿಡೀ ಇಂಗ್ಲಿಷೇ ನಡೆಯುವುದಾದರೆ ಅಷ್ಟು ದೂರ ಹೋಗಿ ಫಲವಿಲ್ಲ.

ಮೂರನೆಯದು ಸುರಕ್ಷತೆ. 2022ರ ಜುಲೈ 3ರಂದು ಮಾರ್ಮೊಲಾದದ ಹಿಮನದಿಯ ತುಂಡೊಂದು ಕುಸಿದು 11 ಮಂದಿ ಸತ್ತರು. ಹಿಮನದಿಯ ಹಾದಿ ಶಿಬಿರದ ಮಕ್ಕಳಿಗಲ್ಲ. ಬೇಸಿಗೆಯ ಮಧ್ಯಾಹ್ನಗಳಲ್ಲಿ ಗುಡುಗು ಮಳೆ ಸಾಮಾನ್ಯ. 'ತೆಂಪೊರಾಲೆ' ಎಂಬ ಪದ ಹವಾಮಾನ ಫಲಕದಲ್ಲಿ ಕಂಡರೆ ಬೇಗ ಕೆಳಗಿಳಿಯಬೇಕು. ತುರ್ತು ಕರೆಗೆ ಸಂಖ್ಯೆ 112. ಫೋನ್ ಸಿಗದಿದ್ದರೆ ನಿಮಿಷಕ್ಕೆ ಆರು ಬಾರಿ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಊದುವುದು ಬೆಟ್ಟಗಳ ಸಂಕಟ ಸಂಜ್ಞೆ.

ಅಲ್ಲಿಂದ ಮರಳುವ ಮಗು ನಾಲ್ಕು ವಾಕ್ಯ ಇಟಾಲಿಯನ್ನೋ ಜರ್ಮನ್ನೋ ಕಲಿತಿರುತ್ತದೆ. ಅದರ ಜೊತೆಗೆ, ತನ್ನ ಭಾಷೆಯನ್ನು ಬಿಡದೆ ನೆರೆಯವರ ಭಾಷೆಯನ್ನೂ ಕಲಿತು ಬಾಳುವ ಜನರನ್ನು ಕಣ್ಣಾರೆ ಕಂಡಿರುತ್ತದೆ. ಆ ಪಾಠವನ್ನು ಯಾವ ಪಠ್ಯಪುಸ್ತಕವೂ ಅಷ್ಟು ಚೆನ್ನಾಗಿ ಹೇಳಿಕೊಡಲಾರದು.