ಮುಂದಕ್ಕೆ ಕಳಿಸಿದ ಮೇಲ್ ಎಲ್ಲಿ ನಿಂತಿತು?

ಬೆಳ್ತಂಗಡಿಯಿಂದ ಬೊಂಬಾಯಿಗೆ ಹೋಟೆಲ್ ಕೆಲಸಕ್ಕೆ ಹೋದವರ ಹೆಸರಿಗೆ ಊರಿನ ವಿಳಾಸಕ್ಕೇ ಕಾಗದ ಬಂದರೆ, ಪೋಸ್ಟ್ ಮಾಸ್ತರರು 574214 ಪಿನ್ ಇದ್ದ ವಿಳಾಸಕ್ಕೆ ಗೆರೆ ಎಳೆದು, ಪಕ್ಕದಲ್ಲಿ ಬೊಂಬಾಯಿಯ ವಿಳಾಸ ಬರೆದು ಮತ್ತೆ ಚೀಲಕ್ಕೆ ಹಾಕುತ್ತಿದ್ದರು. ಕಳಿಸಿದವರ ಹೆಸರು ಇದ್ದ ಹಾಗೇ ಇರುತ್ತಿತ್ತು. ದಾದರಿನ ಅಂಚೆಯಣ್ಣ ‘ಇದು ಬೆಳ್ತಂಗಡಿ ಸುತ್ತಿ ಯಾಕೆ ಬಂತು’ ಎಂದು ಕೇಳಲು ಹೋಗುತ್ತಿರಲಿಲ್ಲ.

ಇಮೇಲ್ ರೂಪಿಸಿದವರು ಈ ಪದ್ಧತಿಯನ್ನೇ ಹೆಚ್ಚುಕಡಿಮೆ ಎತ್ತಿಕೊಂಡರು. 1982ರ ಆಗಸ್ಟ್‌ನಲ್ಲಿ ಜಾನ್ ಪೋಸ್ಟೆಲ್ ಬರೆದ, ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಾವಳಿಯಲ್ಲಿ ಇದಕ್ಕೆಂದೇ ಎರಡು ಉತ್ತರಗಳಿವೆ. 251 ಎಂದರೆ ‘ಅವರು ಇಲ್ಲಿಲ್ಲ, ನಾನೇ ಮುಂದಕ್ಕೆ ಕಳಿಸುತ್ತೇನೆ’. 551 ಎಂದರೆ ‘ಅವರು ಇಲ್ಲಿಲ್ಲ, ನೀವೇ ಈ ವಿಳಾಸಕ್ಕೆ ಕಳಿಸಿ’. ಬರ್ಕ್ಲಿಯ ಎರಿಕ್ ಆಲ್‌ಮನ್ ಬರೆದ ಸೆಂಡ್‌ಮೇಲ್ ತಂತ್ರಾಂಶ ಇದನ್ನು ಇನ್ನೂ ಸಲೀಸು ಮಾಡಿತು. ‘ಡಾಟ್ ಫಾರ್ವರ್ಡ್’ ಎಂಬ ಫೈಲಿನಲ್ಲಿ ಒಂದು ವಿಳಾಸ ಬರೆದಿಟ್ಟರೆ ಮುಗಿಯಿತು. ಆಗ ಜಾಲದಲ್ಲಿದ್ದವರು ಬಹುಪಾಲು ವಿಶ್ವವಿದ್ಯಾಲಯ, ಪ್ರಯೋಗಾಲಯಗಳವರು. ನಮ್ಮಲ್ಲಿ 1986ರಲ್ಲಿ ಶುರುವಾದ ಅರ್ನೆಟ್ ಜಾಲದಲ್ಲೂ ಇದ್ದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐಐಟಿಗಳಂಥವು. ಒಬ್ಬರನ್ನೊಬ್ಬರು ಅನುಮಾನಿಸುವ ಪ್ರಮೇಯವೇ ಇರಲಿಲ್ಲ.

2004ರ ಏಪ್ರಿಲ್ 1ರಂದು ಒಂದು ಜಿಬಿ ಜಾಗ ಕೊಟ್ಟು ಜಿಮೇಲ್ ಬಂತು. ಅಲ್ಲಿಂದ ಮುಂದೆ ಲೆಟರ್‌ಹೆಡ್‌ನಲ್ಲಿ ಸ್ವಂತ ಹೆಸರಿನ ವಿಳಾಸ, ಓದುವುದು ಜಿಮೇಲ್‌ನಲ್ಲಿ ಎಂಬುದು ರೂಢಿಯಾಯಿತು. ಬಿ.ಸಿ. ರೋಡಿನ ಪ್ರಿಂಟಿಂಗ್ ಪ್ರೆಸ್ಸಿಗಾಗಲಿ ಮೂಡುಬಿದಿರೆಯ ಅಂಗಡಿಗಾಗಲಿ ಇದು ಒಪ್ಪುವ ಏರ್ಪಾಡೇ. ಮಿಜಾರು, ತೋಡಾರು, ಉಜಿರೆಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಸ್ವಂತ ವಿಳಾಸಕ್ಕೆ ಬೇಕಾದ ಸರ್ವರನ್ನು ಪೋಸ್ಟ್‌ಫಿಕ್ಸ್ ಎಂಬ ಮೇಲ್ ತಂತ್ರಾಂಶ ಹಾಕಿ ನಿಲ್ಲಿಸಬಲ್ಲ ಹುಡುಗರು ಊರಲ್ಲೇ ಸಿಗುತ್ತಾರೆ. ಆಷಾಢದ ಮಳೆಗೆ ಎರಡು ದಿನ ಕರೆಂಟು ಹೋದರೂ ಗಾಬರಿ ಬೇಡ. ಕಳಿಸುವ ಸರ್ವರ್ ಮೇಲನ್ನು ಸಾಲಿನಲ್ಲಿಟ್ಟುಕೊಂಡು ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಬರುವ ಮೇಲಿಗೆ ತೊಂದರೆಯಿಲ್ಲ, ಅದನ್ನು ಜಿಮೇಲಿಗೆ ದಾಟಿಸುವಲ್ಲೇ ಕಷ್ಟ.

ಕಷ್ಟ ತಂದದ್ದು ಕಳ್ಳರು. ಬ್ಯಾಂಕಿನ ಹೆಸರಿನಲ್ಲಿ ಯಾರು ಬೇಕಾದರೂ ಮೇಲ್ ಕಳಿಸಬಹುದಿತ್ತು. ಅದನ್ನು ತಡೆಯಲು ಎಸ್‌ಪಿಎಫ್ ಬಂತು, 2006ರಲ್ಲಿ ದಾಖಲೆಯಾಗಿ ಪ್ರಕಟವಾಯಿತು. ‘ನಮ್ಮ ಮೇಲ್ ಈ ಯಂತ್ರಗಳಿಂದ ಮಾತ್ರ ಹೊರಡುತ್ತದೆ’ ಎಂದು ಬ್ಯಾಂಕು ಪಟ್ಟಿ ಹಾಕುತ್ತದೆ. ಆ ಮೇಲ್ ಬಂಟ್ವಾಳದಲ್ಲಿರುವ ಇಂಥ ಒಂದು ಸ್ವಂತ ಸರ್ವರಿಗೆ ಬಂದು ಅಲ್ಲಿಂದ ಜಿಮೇಲಿಗೆ ಹೋದಾಗ, ಜಿಮೇಲಿಗೆ ಕಾಣುವುದು ಬಂಟ್ವಾಳದ ಯಂತ್ರ. ಅದು ಬ್ಯಾಂಕಿನ ಪಟ್ಟಿಯಲ್ಲಿಲ್ಲ. ಅಂದಮೇಲೆ ಅಸಲಿ ಮೇಲೂ ನಕಲಿಯೇ! ಫಾರ್ವರ್ಡ್ ಮಾಡುವವರಿಗೆ ಹೀಗಾಗುತ್ತದೆಂದು ಆ ದಾಖಲೆಯಲ್ಲೇ ಬರೆದಿದೆ. ಅದನ್ನು ರೂಪಿಸಿದವರು ಗೊತ್ತಿದ್ದೂ ಮುಂದುವರಿದರು, ಸಣ್ಣವರ ಅನುಕೂಲಕ್ಕಿಂತ ಕಳ್ಳರ ಕಾಟ ದೊಡ್ಡದೆನಿಸಿತ್ತು. ಆ ತೀರ್ಮಾನ ತಪ್ಪೆಂದು ನಾನು ಹೇಳಲಾರೆ.

ಆಮೇಲಿನದೆಲ್ಲ ತೇಪೆ ಹಚ್ಚುವ ಕೆಲಸ. ಎಸ್‌ಆರ್‌ಎಸ್ ಎಂಬ ಉಪಾಯ ಲಕೋಟೆಯ ಮೇಲಿನ ಕಳುಹಿಸಿದವರ ವಿಳಾಸವನ್ನು ದಾಟಿಸುವವರ ಹೆಸರಿಗೆ ಬದಲಿಸುತ್ತದೆ, ಎಸ್‌ಪಿಎಫ್ ಪಾಸಾಗುತ್ತದೆ. 2007ರ ಡಿಕೆಐಎಂ ಮೇಲಿಗೇ ಸಹಿ ಹಾಕುತ್ತದೆ. ಯಾವ ಯಂತ್ರದ ಮೂಲಕ ಹೋದರೂ ಸಹಿ ಉಳಿಯುತ್ತದೆ. ಆದರೆ ದಾರಿಯಲ್ಲಿ ವಿಷಯದ ಸಾಲಿಗೆ ‘ಆಫೀಸು’ ಅಂತ ಸೇರಿಸಿದರೂ ಸಹಿ ಕೆಡಬಹುದು. ಡಿಮಾರ್ಕ್ ಎಂಬ ನಿಯಮ ಎಸ್‌ಪಿಎಫ್, ಡಿಕೆಐಎಂ ಎರಡನ್ನೂ ಒಳಗಿನ ಕಾಗದದಲ್ಲಿ ಕಾಣುವ ವಿಳಾಸದ ಜೊತೆ ತಾಳೆ ನೋಡುತ್ತದೆ. ಅಲ್ಲಿ ಎಸ್‌ಆರ್‌ಎಸ್ ಉಪಯೋಗಕ್ಕೆ ಬಾರದು. ಲಕೋಟೆ ಬಂಟ್ವಾಳದ್ದು, ಒಳಗಿನ ಹೆಸರು ಬ್ಯಾಂಕಿನದು. ಡಿಕೆಐಎಂ ಸಹಿ ಉಳಿದಿದ್ದರೆ ಮಾತ್ರ ಬಚಾವ್. 2014ರ ಏಪ್ರಿಲ್‌ನಲ್ಲಿ ಯಾಹೂ ಈ ನಿಯಮವನ್ನು ಬಿಗಿ ಮಾಡಿದಾಗ ಜಗತ್ತಿನಾದ್ಯಂತ ಮೇಲಿಂಗ್ ಲಿಸ್ಟುಗಳು ಕೆಟ್ಟು ಕೂತವು. ನಡುವಿನವರ ಸಾಕ್ಷ್ಯವನ್ನೂ ಕಟ್ಟಿಕೊಡುವ ಎಆರ್‌ಸಿ 2019ರಲ್ಲಿ ಬಂತು. ಆದರೆ ಆ ಸಾಕ್ಷ್ಯವನ್ನು ನಂಬುವುದು ಬಿಡುವುದು ದೊಡ್ಡ ಕಂಪನಿಯ ಮರ್ಜಿ. 2024ರ ಫೆಬ್ರುವರಿಯಿಂದ ಜಿಮೇಲ್ ಎಲ್ಲ ಕಳುಹಿಸುವವರಿಗೂ ಕನಿಷ್ಠ ಎಸ್‌ಪಿಎಫ್ ಅಥವಾ ಡಿಕೆಐಎಂ ಕಡ್ಡಾಯ ಮಾಡಿದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ, ಹೆಚ್ಚಿನವರು ಗಮನಿಸುವುದಿಲ್ಲ. ಕಣ್ಣುಮುಚ್ಚಿ ಫಾರ್ವರ್ಡ್ ಮಾಡುವ ಸರ್ವರ್ ತನಗೆ ಬಂದ ಸ್ಪ್ಯಾಮನ್ನೂ ದಾಟಿಸುತ್ತದೆ. ಜಿಮೇಲ್ ಲೆಕ್ಕದಲ್ಲಿ ಆ ಕಸ ಸುರಿದವರು ನೀವೇ. ನಾಲ್ಕು ಸಲ ಹೀಗಾದರೆ ನೀವು ಕೈಯಾರೆ ಬರೆದ ಕೊಟೇಶನ್ನೂ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತದೆ.

ಫಾರ್ವರ್ಡಿನ ಬದಲಿಗೆ, ಸ್ವಂತ ಪೆಟ್ಟಿಗೆಯ ಮೇಲನ್ನು ಜಿಮೇಲೇ ಬಂದು ಎತ್ತಿಕೊಂಡು ಹೋಗುವ ಪಾಪ್ ಸೌಲಭ್ಯ ಬಹಳ ಜನರಿಗೆ ಆಸರೆಯಾಗಿತ್ತು. ಅದನ್ನು 2026ರ ಜನವರಿಯಿಂದ ನಿಲ್ಲಿಸುವುದಾಗಿ ಗೂಗಲ್ ಪ್ರಕಟಿಸಿತು. ಹೀಗಾಗಿ ಹಲವರು ಮತ್ತೆ ಫಾರ್ವರ್ಡಿನ ಕಡೆಗೇ ತಿರುಗುತ್ತಾರೆ.

ತಿರುಗುವ ಮೊದಲು ಒಂದು ಮಾತು. ಮೇಲ್ ನಿಮ್ಮ ಸರ್ವರಿನಲ್ಲೇ ಇರಲಿ. ಫೋನಿನ ಆ್ಯಪಿಗೆ ಆ ಪೆಟ್ಟಿಗೆಯನ್ನು ಐಮ್ಯಾಪ್ ಮೂಲಕ ಸೇರಿಸಿ ಓದಿ. ದಾಟಿಸಲೇಬೇಕೆಂದಿದ್ದರೆ ಮೊದಲು ಸ್ಪ್ಯಾಮ್ ಸೋಸಿ, ಎಸ್‌ಆರ್‌ಎಸ್ ಹಾಕಿ, ಕಾಗದದ ಒಂದಕ್ಷರವನ್ನೂ ಮುಟ್ಟಬೇಡಿ, ಸರ್ವರಿನಲ್ಲಿ ಒಂದು ಪ್ರತಿ ಉಳಿಸಿಕೊಳ್ಳಿ.