ಯಂತ್ರಕ್ಕೆ ಲಘು-ಗುರು ಹೇಳಿಕೊಟ್ಟದ್ದು

ಕನ್ನಡ ಮೇಷ್ಟರಿಗೆ ಆ್ಯಪು ಏಕೆ ಎಂದು ನನ್ನನ್ನು ಕೇಳದವರಿಲ್ಲ. ಸಹೋದ್ಯೋಗಿಗಳು ನಗುತ್ತ ಕೇಳಿದರು. ಮನೆಯಾಕೆ ನಗದೆ ಕೇಳಿದಳು. ಹಳಗನ್ನಡ ಓದಿ, ಹಳಗನ್ನಡ ಹೇಳಿ, ತಲೆಯಲ್ಲಿ ನರೆ ಇಣುಕಿದ ಮೇಲೆ, ರಾತ್ರಿ ಒಂಬತ್ತರ ಅನಂತರ ಗಣಕಯಂತ್ರದ ಮುಂದೆ ಕುಳಿತು ಅರ್ಥವಾಗದ ಚಿಹ್ನೆಗಳನ್ನು ಒತ್ತುವವನನ್ನು ಕಂಡರೆ ಯಾರಿಗಾದರೂ ಅನುಮಾನ ಬರುವುದು ಸಹಜವೇ. ಆ ಪ್ರಶ್ನೆಗೆ ನೇರವಾಗಿ ಉತ್ತರ ಹೇಳಬೇಕಾದರೆ ನಾನು ಮೊದಲು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಎರಡು ವರ್ಷಗಳ ಹಿಂದಿನ ಮಾತು. ಮೊದಲ ವರ್ಷದ ಬಿ.ಎ. ತರಗತಿಯ ಹುಡುಗಿಯೊಬ್ಬಳು ತಿದ್ದಿಕೊಟ್ಟ ಉತ್ತರಪತ್ರಿಕೆಯನ್ನು ಹಿಡಿದು ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತಿದ್ದಳು. ‘ಅಕ್ಷರ’ ಎಂಬ ಪದಕ್ಕೆ ಪ್ರಸ್ತಾರ ಹಾಕುವಾಗ ನಡುವಣ ‘ಕ್ಷ’ದ ಮೇಲೆ ಗುರುಚಿಹ್ನೆ ಇಟ್ಟಿದ್ದಳು, ನಾನು ಕೆಂಪು ಗೀಟು ಎಳೆದಿದ್ದೆ. “ಸಾರ್, ಒತ್ತಕ್ಷರ ಬಂದರೆ ಗುರು ಅಂತ ನೀವೇ ಹೇಳಿದ್ರಿ” ಎಂದಳು. ಗಂಟೆ ಬಾರಿಸಿತ್ತು, ಮುಂದಿನ ತರಗತಿಗೆ ಹೊತ್ತಾಗಿತ್ತು. “ಪುಸ್ತಕ ನೋಡಮ್ಮಾ” ಎಂದು ಹೇಳಿ ಹೊರಟುಹೋದೆ. ಮುಂದಿನ ವರ್ಷ ಅವಳು ಐಚ್ಛಿಕ ಕನ್ನಡವನ್ನು ಬಿಟ್ಟು ಬೇರೆ ವಿಷಯ ಆರಿಸಿಕೊಂಡಿದ್ದಳು. ಛಂದಸ್ಸು ಎಲ್ಲರಿಗೂ ಒಗ್ಗುವ ವಿದ್ಯೆಯಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಆ ಸಮಾಧಾನ ಬಹಳ ದಿನ ಉಳಿಯಲಿಲ್ಲ. ಊರಿಗೆ ಹೋಗಿ ರಾತ್ರಿ ಓದಲು ಕುಳಿತ ವಿದ್ಯಾರ್ಥಿಗೆ, ತಾನು ಹಾಕಿದ ಪ್ರಸ್ತಾರ ಸರಿಯೋ ತಪ್ಪೋ ಎಂದು ಕೇಳಲು ಯಾರಿದ್ದಾರೆ? ಕೈಯಲ್ಲಿ ಮೊಬೈಲು ಮಾತ್ರ ಇರುತ್ತದೆ. ಪದ್ಯವನ್ನು ಅದರಲ್ಲಿ ಬರೆದರೆ ಅಕ್ಷರಗಳ ನೆತ್ತಿಯ ಮೇಲೆ ಲಘುಗುರುಗಳು ಮೂಡುವಂತಾದರೆ ಎಷ್ಟು ಚೆನ್ನ! ಹೀಗೆ ಹೊಳೆದದ್ದೇ ತಡ, ಆಸೆ ಆಲದ ಮರದಂತೆ ಬೆಳೆಯಿತು. ಷಟ್ಪದಿ, ರಗಳೆ, ಸಾಂಗತ್ಯ, ಕಂದ, ವೃತ್ತ, ಜೊತೆಗೆ ನಿಘಂಟು, ಗಮಕ ವಾಚನ – ಏನೇನು ಇರಬೇಕೆಂದು ಮೂರು ವಾರ ಪಟ್ಟಿ ಮಾಡಿದೆ. ಪಟ್ಟಿ ಬೆಳೆಯಿತು, ಕೆಲಸ ಬೆಳೆಯಲಿಲ್ಲ. ಕೊನೆಗೆ ಗಣಕವಿಜ್ಞಾನದ ತರುಣ ಅಧ್ಯಾಪಕರೊಬ್ಬರು ಪಟ್ಟಿಯನ್ನು ಓದಿ ಮಡಿಸಿ ಮೇಜಿನ ಮೇಲಿಟ್ಟು, “ಸಾರ್, ಮೊದಲು ಒಂದೇ ಒಂದು ಪದಕ್ಕೆ ಹಾಕಿಸಿ. ಕಾವ್ಯ ಆಮೇಲೆ ನೋಡೋಣ” ಎಂದರು. ಬಿಡುವಿನ ವೇಳೆಯಲ್ಲಿ ಆ್ಯಪು ಕಟ್ಟಹೊರಡುವ ಯಾರಿಗೇ ಆಗಲಿ, ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ತಿಳಿದಂತೆ ಬೇರೊಂದಿಲ್ಲ.

ಅವರೇ ಪೈಥಾನ್ ಎಂಬ ಕ್ರಮವಿಧಿ ಭಾಷೆಯ ಪರಿಚಯ ಮಾಡಿಸಿದರು. ಅದರ ಹುಟ್ಟಿನ ಕಥೆ ನನಗೆ ಧೈರ್ಯ ಕೊಟ್ಟಿತು. 1989ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ರಜೆಯ ಬಿಡುವನ್ನು ಕಳೆಯಲು ಕೈಗೊಂದು ಕೆಲಸ ಬೇಕೆಂದು ನೆದರ್ಲೆಂಡ್ಸಿನ ಗೀಡೋ ವಾನ್ ರಾಸಮ್ ಆರಂಭಿಸಿದ ಹವ್ಯಾಸವದು. 1991ರಲ್ಲಿ ಲೋಕದ ಕೈಗೆ ಬಂದಿತು. ಅದೇ 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ತನ್ನ ಲಿನಕ್ಸನ್ನು ಹೊರತಂದಾಗ, ಇದು ಬರೀ ಹವ್ಯಾಸ, ದೊಡ್ಡದೇನಲ್ಲ ಎಂದೇ ಹೇಳಿಕೊಂಡಿದ್ದ. ಅವರ ಪ್ರತಿಭೆಗೂ ನನಗೂ ಹೋಲಿಕೆಯಿಲ್ಲ. ಆದರೆ ಆರಂಭದ ಅಳತೆ ಚಿಕ್ಕದಾಗಿದ್ದರೆ ಅದು ಅವಮಾನವಲ್ಲ ಎಂಬಷ್ಟನ್ನು ಅವರಿಂದ ಕಲಿಯಬಹುದು.

ನಾನು ಆರಿಸಿಕೊಂಡ ಮೊದಲ ಪದ, ಬೇಕೆಂದೇ, ‘ಅಕ್ಷರ’. ಇದರಲ್ಲಿ ಎಷ್ಟು ಅಕ್ಷರಗಳಿವೆ ಎಂದು ಯಂತ್ರವನ್ನು ಕೇಳಿದೆ. ಐದು ಎಂದಿತು. ಮೂರನೆಯ ತರಗತಿಯ ಮಗುವೂ ಮೂರು ಎನ್ನುವಲ್ಲಿ ಕೋಟಿ ಲೆಕ್ಕ ಮಾಡುವ ಯಂತ್ರ ಎಡವಿತಲ್ಲಾ ಎಂದು ಒಂದು ಕ್ಷಣ ಸಂತೋಷವೇ ಆಯಿತು. ಆದರೆ ತಪ್ಪು ಅದರದಲ್ಲ. ಲೋಕದ ಲಿಪಿಗಳಿಗೆಲ್ಲ ಸಂಖ್ಯೆ ಹಂಚುವ ಯೂನಿಕೋಡ್ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೂ ಸ್ಥಾನವಿದೆ. ಅಲ್ಲಿ ‘ಕ್ಷ’ ಒಂದು ಅಕ್ಷರವಾಗಿ ಇಲ್ಲ. ಕಕಾರ, ಸ್ವರವನ್ನು ಕಳೆಯುವ ವಿರಾಮಚಿಹ್ನೆ, ಷಕಾರ ಎಂದು ಮೂರು ಸಂಕೇತಗಳಾಗಿ ಅದು ಕುಳಿತಿರುತ್ತದೆ. ಹಿಂದೆ ಅಕಾರ, ಮುಂದೆ ರಕಾರ, ಒಟ್ಟು ಐದು. ಯಂತ್ರ ಸಂಕೇತಗಳನ್ನು ಎಣಿಸಿತ್ತು. ನಾನು ಉಚ್ಚಾರವನ್ನು ಎಣಿಸಿದ್ದೆ. ಆದುದರಿಂದ ವಿರಾಮಚಿಹ್ನೆ ಕಂಡಾಗ ಮುಂದಿನ ವ್ಯಂಜನವನ್ನು ಕೂಡಿಸಿಕೋ, ಸ್ವರಚಿಹ್ನೆ ಕಂಡಾಗ ಹಿಂದಿನ ವ್ಯಂಜನಕ್ಕೆ ಸೇರಿಸು ಎಂದು ವಿಧಿಸಬೇಕಾಯಿತು. ಇಷ್ಟಕ್ಕೆ ಹನ್ನೊಂದು ರಾತ್ರಿ ಹಿಡಿಯಿತು.

ಹನ್ನೆರಡನೆಯ ರಾತ್ರಿ ಲಘುಗುರುವಿನ ಸೂತ್ರಗಳಿಗೆ ಕೈಹಾಕಿದೆ. ದೀರ್ಘಸ್ವರವಿದ್ದರೆ ಗುರು, ಅನುಸ್ವಾರ, ವಿಸರ್ಗಗಳಿದ್ದರೆ ಗುರು, ಒತ್ತಕ್ಷರ ಬಂದರೆ ಗುರು. ಹದಿನೆಂಟು ವರ್ಷ ತರಗತಿಯಲ್ಲಿ ಹೇಳಿದ ಮಾತುಗಳನ್ನೇ ಯಂತ್ರಕ್ಕೂ ಹೇಳಿದೆ. ಅದು ವಿಧೇಯ ಶಿಷ್ಯನಂತೆ ‘ಅ’ದ ಮೇಲೆ ಬಟ್ಟಲಿನಂಥ ಲಘುಚಿಹ್ನೆಯನ್ನೂ, ‘ಕ್ಷ’ದ ಮೇಲೆ ಅಡ್ಡಗೆರೆಯ ಗುರುಚಿಹ್ನೆಯನ್ನೂ, ‘ರ’ದ ಮೇಲೆ ಮತ್ತೆ ಲಘುವನ್ನೂ ಇಟ್ಟು ತೋರಿಸಿತು.

ನಾನು ಬಹಳ ಹೊತ್ತು ಆ ತೆರೆಯನ್ನೇ ನೋಡುತ್ತ ಕುಳಿತೆ. ಅದು ಆ ಹುಡುಗಿಯ ಉತ್ತರಪತ್ರಿಕೆಯೇ ಆಗಿತ್ತು. ಚಿಹ್ನೆಗೆ ಚಿಹ್ನೆ ಅದೇ. ಯಂತ್ರಕ್ಕೆ ಸೋಮಾರಿತನವಿಲ್ಲ, ಅನ್ಯಮನಸ್ಕತೆಯಿಲ್ಲ. ಪುಸ್ತಕ ನೋಡು ಎಂದು ಅದನ್ನು ಗದರಿಸುವಂತೆಯೂ ಇಲ್ಲ. ಅದು ತಪ್ಪಿತೆಂದರೆ ಹೇಳಿಕೊಟ್ಟವನು ತಪ್ಪಿದನೆಂದೇ ಅರ್ಥ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎನ್ನಬೇಕಾದಲ್ಲಿ, ನಾಲಗೆಯ ಅವಸರದಲ್ಲಿ ‘ಹಿಂದಿನ’ ಎಂಬ ಒಂದು ಮಾತನ್ನು ವರ್ಷ ವರ್ಷವೂ ನುಂಗುತ್ತ ಬಂದಿದ್ದೆ. ಕಿವಿಯಿದ್ದ ಹುಡುಗರು ಅದನ್ನು ತಾವೇ ತುಂಬಿಕೊಂಡಿದ್ದರು. ಹೇಳಿದ್ದನ್ನು ಹೇಳಿದಂತೆ ನಂಬಿದವರಿಗೆ ಅಂಕ ಕಳೆದಿದ್ದೆ. ಎರಡು ರೀತಿಯಲ್ಲಿ ಎಣಿಸಿದರೂ ಮಾತ್ರೆಯ ಮೊತ್ತ ನಾಲ್ಕೇ ಆಗುವುದರಿಂದ ಈ ತಪ್ಪು ಸುಲಭವಾಗಿ ಕಾಣುವುದೂ ಇಲ್ಲ. ಭಗಣವಾಗಬೇಕಾದದ್ದು ಜಗಣವಾಗಿ, ಓಟ ಕೆಟ್ಟಾಗಲೇ ತಿಳಿಯುತ್ತದೆ.

ಅಂದಿನಿಂದ ನನ್ನ ಕೆಲಸದ ಉದ್ದೇಶ ಬದಲಾಯಿತು. ಆ್ಯಪು ಹುಡುಗರಿಗೆ ಪಾಠ ಹೇಳುವುದು ಹಾಗಿರಲಿ. ನನಗೆ ಏನು ಗೊತ್ತಿದೆ, ಏನು ಗೊತ್ತಿದೆಯೆಂದು ಬರೀ ಭ್ರಮೆಯಿದೆ ಎಂಬುದನ್ನು ಅದು ಒಂದೊಂದಾಗಿ ತೋರಿಸತೊಡಗಿತು. ನಾಗವರ್ಮನ ‘ಛಂದೋಂಬುಧಿ’ಯನ್ನು ಮತ್ತೆ ತೆಗೆದೆ, ಕಿಟ್ಟೆಲರು 1875ರಲ್ಲಿ ಅಚ್ಚುಮಾಡಿಸಿದ ಗ್ರಂಥ. ಭಾಮಿನಿ ಷಟ್ಪದಿಯ ಲೆಕ್ಕ ಯಂತ್ರಕ್ಕೆ ಹೇಳುವುದು ಸುಲಭ: ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು-ನಾಲ್ಕು, ಮೂರು-ನಾಲ್ಕರ ಗಣಗಳು, ಅಂದರೆ 14 ಮಾತ್ರೆ, ಮೂರು ಮತ್ತು ಆರನೆಯವುಗಳಲ್ಲಿ ಮೂರು-ನಾಲ್ಕರ ಮೂರು ಜೊತೆ, ಕೊನೆಗೊಂದು ಗುರು, ಅಂದರೆ 23, ಪದ್ಯಕ್ಕೆ ಒಟ್ಟು 102. ಆದರೆ ಹಳಗನ್ನಡದಲ್ಲಿ ಕೆಲವೆಡೆ ಒತ್ತಕ್ಷರವನ್ನು ತೇಲಿಸಿ ನುಡಿಯುವುದರಿಂದ ಹಿಂದಿನ ಅಕ್ಷರ ಲಘುವಾಗಿಯೇ ಉಳಿಯುವುದುಂಟು. ಕೇಶಿರಾಜನು ಶಿಥಿಲದ್ವಿತ್ವವೆಂದು ಹೇಳಿದ್ದು ಇದನ್ನೇ. ಅಲ್ಲಿ ತೀರ್ಪು ಕೊಡುವುದು ಕಿವಿ. ಯಂತ್ರಕ್ಕೆ ಕಿವಿಯಿಲ್ಲ. ಆದ್ದರಿಂದ ಅಂಥ ಕಡೆ ಪ್ರಶ್ನಾರ್ಥಕ ಚಿಹ್ನೆಯನ್ನಿಟ್ಟು ‘ಗಟ್ಟಿಯಾಗಿ ಓದಿ ನೋಡಿ’ ಎಂದಷ್ಟೇ ಹೇಳುವಂತೆ ಮಾಡಿದ್ದೇನೆ.

ನನ್ನಂತೆ ಹೊರಡುವವರಿಗೆ ಇನ್ನೆರಡು ಮಾತು. ಚೆನ್ನಾಗಿ ನಡೆಯುತ್ತಿದ್ದ ಕ್ರಮವಿಧಿಯ ಮೇಲೆಯೇ ತಿದ್ದಿ ತಿದ್ದಿ ಒಂದು ವಾರದ ಶ್ರಮ ಕಳೆದುಕೊಂಡೆ; ಆಮೇಲೆ ಗಿಟ್ ಎಂಬ ಸಾಧನವನ್ನು ಕಲಿತೆ. ಅದೂ ಟೋರ್ವಾಲ್ಡ್ಸ್ 2005ರಲ್ಲಿ ಕೊಟ್ಟದ್ದೇ. ಹಳೆಯ ಪಾಠಗಳನ್ನೆಲ್ಲ ಜೋಪಾನವಾಗಿಟ್ಟು ಬೇಕೆಂದಾಗ ಮರಳಿಸುವುದು ಅದರ ಕೆಲಸ. ಗ್ರಂಥಸಂಪಾದನೆ ಬಲ್ಲವರಿಗೆ ಅದರ ಬೆಲೆ ಥಟ್ಟನೆ ತಿಳಿದೀತು. ಇನ್ನು, ಈಚೆಗೆ ಕೃತಕ ಬುದ್ಧಿಮತ್ತೆಯನ್ನು ಕೇಳಿದರೆ ಕ್ರಮವಿಧಿಯನ್ನು ನಿಮಿಷದಲ್ಲಿ ಬರೆದುಕೊಡುತ್ತದೆ. ನಾನೂ ಕೇಳಿ ಉಪಕಾರ ಪಡೆದಿದ್ದೇನೆ. ಆದರೆ ಅದು ಬರೆದದ್ದು ಸರಿಯೇ ಎಂದು ಒರೆಹಚ್ಚಲು ಉತ್ತರ ಗೊತ್ತಿರುವ ನೂರು ಪದಗಳ ಪಟ್ಟಿ ನಮ್ಮ ಕೈಯಲ್ಲಿರಬೇಕು. ಆ ಪಟ್ಟಿಯನ್ನು ಮಾತ್ರ ನಾನೇ ಮಾಡಿದೆ.

ವಿಧಿಗಳು ನೆಲೆನಿಂತ ಮೇಲೆ, ಮೊಬೈಲಿನ ಬ್ರೌಸರಿಗೆ ತಿಳಿಯುವ ಜಾವಾಸ್ಕ್ರಿಪ್ಟಿಗೆ ಎಲ್ಲವನ್ನೂ ಮಗುಚಿದೆ. ಅಂತರಜಾಲ ಸಿಗದ ಊರಿನಲ್ಲೂ ನಡೆಯುವಂತೆ ಮಾಡಿದೆ. ಗೂಗಲ್ ಪ್ಲೇ ಅಂಗಡಿಯಲ್ಲಿಡಲು ಖಾತೆ ತೆರೆದೆ. ನಾನು ತೆರೆದಾಗ ಒಮ್ಮೆಗೆ ಕಟ್ಟಿದ ಶುಲ್ಕ 25 ಡಾಲರು. ಹೊಸದಾಗಿ ವೈಯಕ್ತಿಕ ಖಾತೆ ತೆರೆದವರು ಮೊದಲು ಕೆಲವರ ಕೈಯಲ್ಲಿ 14 ದಿನ ಬಿಡದೆ ಪರೀಕ್ಷೆ ಮಾಡಿಸಬೇಕೆಂಬ ನಿಯಮ 2023ರ ನವೆಂಬರಿನಲ್ಲಿ ಬಂದಿತು. ಆಗ 20 ಮಂದಿ ಬೇಕಿತ್ತು, 2024ರ ಡಿಸೆಂಬರಿನಲ್ಲಿ ಅದು 12ಕ್ಕೆ ಇಳಿದಿತ್ತು. ತರಗತಿಯಿಂದ ಹನ್ನೊಂದು ಮಂದಿ ಸಿಕ್ಕಿದರು.

ಹನ್ನೆರಡನೆಯವಳನ್ನು ಗ್ರಂಥಾಲಯದ ಮೆಟ್ಟಿಲ ಮೇಲೆ ನಿಲ್ಲಿಸಿ ಕೇಳಿದೆ. ಈಗ ಅವಳದು ಕೊನೆಯ ವರ್ಷ. ನಡೆದದ್ದನ್ನೆಲ್ಲ ಹೇಳಿ, “ಅಂದು ನೀನು ಬರೆದದ್ದು ನಾನು ಹೇಳಿದ್ದನ್ನೇ ಅಮ್ಮಾ. ತಪ್ಪು ನನ್ನದು” ಎಂದೆ. ಅವಳು ಏನೂ ಅನ್ನಲಿಲ್ಲ. ಮೊಬೈಲನ್ನು ಮುಂದೆ ಚಾಚಿ, “ಹಾಕಿಕೊಡಿ ಸಾರ್” ಎಂದಳು.

ಮೂರನೆಯ ದಿನ ಅವಳೇ ಕೊಠಡಿಗೆ ಬಂದಳು. “ಸಾರ್, ‘ಪ್ರಕೃತಿ’ಗೆ ಮೂರೇ ಅಕ್ಷರ. ನಿಮ್ಮ ಆ್ಯಪು ನಾಲ್ಕು ಅಂತಿದೆ.” ತೆಗೆದು ನೋಡಿದೆ. ನಿಜ! ಸ್ವರಚಿಹ್ನೆಗಳ ಪಟ್ಟಿಯಲ್ಲಿ ವಟ್ರಸುಳಿಯನ್ನು ಸೇರಿಸಲು ಮರೆತಿದ್ದೆ. ಗಂಟೆ ಬಾರಿಸಿತು. ನಾನು ಏಳಲಿಲ್ಲ. ಪಕ್ಕದ ಕುರ್ಚಿಯನ್ನು ಎಳೆದು, “ಕೂತುಕೋ, ಇಬ್ಬರೂ ನೋಡೋಣ” ಎಂದೆ.