ಸಿಡಿಲಿನ ಕಾಲಕ್ಕೆ ಮೇನ್ ಬೋರ್ಡಿನಲ್ಲೊಂದು ಕಾವಲು

ಅಶ್ವಿನಿ, ಭರಣಿ ಮಳೆಯ ದಿನಗಳಲ್ಲಿ ಸಂಜೆ ಮೋಡ ಕವಿದು ಗುಡುಗು ಕೇಳಿಸಿದೊಡನೆ ನೀವು ಮನೆಯಲ್ಲಿ ಮಾಡುವ ಮೊದಲ ಕೆಲಸ ಯಾವುದು? ಟಿ.ವಿ.ಯ ಪ್ಲಗ್ಗನ್ನು ಕೀಳುವುದು. ಇದು ಒಳ್ಳೆಯ ರೂಢಿ, ಬಿಡಬೇಡಿರಿ. ಆದರೆ ನೀವು ಹೊಲದಲ್ಲಿರುವಾಗ, ಮನೆಗೆ ಬೀಗ ಹಾಕಿಕೊಂಡು ಮಂಡ್ಯಕ್ಕೆ ಹೋಗಿರುವಾಗ, ನಡುರಾತ್ರಿ ಎಲ್ಲರೂ ಮಲಗಿರುವಾಗ ಅದನ್ನು ಕೀಳುವವರು ಯಾರು? ಕೊಳವೆಬಾವಿಯ ಮೋಟಾರಿಗಂತೂ ಕೀಳುವುದಕ್ಕೆ ಪ್ಲಗ್ಗೇ ಇಲ್ಲ.

ಬಸರಾಳಿನ ಮಲ್ಲಿಕಾರ್ಜುನ ದೇವಾಲಯ ಕಟ್ಟಿದ್ದು 1234ರಲ್ಲಿ. ಅಂದಿನಿಂದ ಎಷ್ಟು ಬೇಸಗೆಯ ಗುಡುಗು ಈ ಊರಿನ ಮೇಲೆ ಹಾದುಹೋಗಿದೆಯೋ! ಆದರೆ ಆಗ ಸಿಡಿಲನ್ನು ಮನೆಯೊಳಕ್ಕೆ ಕರೆತರುವ ತಂತಿ ಇರಲಿಲ್ಲ. ಈಗಿನ ಮಂಡ್ಯ ಜಿಲ್ಲೆಗೇ ಸೇರಿದ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುಚ್ಛಕ್ತಿ ಉತ್ಪಾದನೆ ಆರಂಭವಾಗಿ, ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ ತಂತಿಯ ಮೂಲಕ ಹೋಯಿತು. ಹಳ್ಳಿಯ ಮನೆಗಳಿಗೆ ತಂತಿ ಬಂದದ್ದು ಅದೆಷ್ಟೋ ವರ್ಷಗಳ ಮೇಲೆ. ಬೆಳಕಿನ ಜೊತೆಗೆ ಈ ಅಪಾಯವೂ ಅದೇ ದಾರಿಯಲ್ಲಿ ಒಳಗೆ ಬಂದಿತು.

ಸಿಡಿಲು ನಿಮ್ಮ ಮಾಡಿನ ಮೇಲೆಯೇ ಬೀಳಬೇಕೆಂದಿಲ್ಲ. ಒಂದು ಕಿಲೋಮೀಟರು ಆಚೆ ಬಿದ್ದರೂ ಹತ್ತಿರದ ವಿದ್ಯುತ್ ತಂತಿಗಳಲ್ಲಿ ಒಮ್ಮೆಲೇ ಸಾವಿರಾರು ವೋಲ್ಟಿನ ಏರು ಹುಟ್ಟಬಹುದು. ನಮ್ಮ ಮನೆಗೆ ಬರತಕ್ಕದ್ದು 230 ವೋಲ್ಟು. ಈ ಏರಿಗೆ ಸರ್ಜ್ ಎಂದು ಹೆಸರು. ಅದು ಇರುವ ಹೊತ್ತು ಸೆಕೆಂಡಿನ ಹತ್ತು ಲಕ್ಷದಲ್ಲಿ ಕೆಲವು ಹತ್ತು ಪಾಲು ಮಾತ್ರ. ಅಷ್ಟರಲ್ಲಿ ಫ್ಯೂಸು ಕರಗುವುದಿಲ್ಲ, ಎಂ.ಸಿ.ಬಿ. ಬೀಳುವುದಿಲ್ಲ. “ನಮ್ಮಲ್ಲಿ ಎಂ.ಸಿ.ಬಿ. ಇದೆ, ಹೆದರಿಕೆ ಇಲ್ಲ” ಎನ್ನುವವರು ಇದನ್ನು ಗಮನಿಸಬೇಕು. ಸಾಧಾರಣ ಗೃಹೋಪಯೋಗಿ ಉಪಕರಣಗಳು ಕ್ಷಣಮಾತ್ರಕ್ಕೆ 2500 ವೋಲ್ಟಿನವರೆಗೆ ತಡೆಯುವಂತೆ ಮಾಡಲ್ಪಟ್ಟಿರುತ್ತವೆ. ಸೂಕ್ಷ್ಮವಾದ ಎಲೆಕ್ಟ್ರಾನಿಕ್ ಸಾಮಾನುಗಳು 1500ರ ಆಚೆ ತಾಳಲಾರವು.

ಇದಕ್ಕೆ ಪರಿಹಾರವನ್ನು ನಮ್ಮ ಕೆರೆಯೇ ಹೇಳಿಕೊಡುತ್ತದೆ. ಕೆರೆಗೆ ಕೋಡಿ ಏಕೆ ಇಟ್ಟಿದ್ದಾರೆ? ನೀರು ಮಟ್ಟದೊಳಗೆ ಇರುವ ತನಕ ಕೋಡಿ ಸುಮ್ಮನೆ ಇರುತ್ತದೆ. ಮಟ್ಟ ಮೀರಿದ ಕೂಡಲೆ ಹೆಚ್ಚಿನ ನೀರನ್ನು ಹಳ್ಳಕ್ಕೆ ಬಿಟ್ಟು ಏರಿಯನ್ನು ಉಳಿಸುತ್ತದೆ. ಸರ್ಜ್ ಪ್ರೊಟೆಕ್ಟರ್, ಅಂಗಡಿಯವರ ಮಾತಿನಲ್ಲಿ ಎಸ್.ಪಿ.ಡಿ., ವಿದ್ಯುತ್ತಿನ ಕೋಡಿ. ಅದರೊಳಗೆ ಸತುವಿನ ಆಕ್ಸೈಡಿನಿಂದ ಮಾಡಿದ ಒಂದು ಬಿಲ್ಲೆ ಇರುತ್ತದೆ. 230 ವೋಲ್ಟಿನಲ್ಲಿ ಅದು ಕರೆಂಟನ್ನು ಹರಿಯಗೊಡುವುದಿಲ್ಲ. ವೋಲ್ಟು ಮಿತಿ ಮೀರಿದ ಕ್ಷಣವೇ ದಾರಿ ತೆರೆದು ಹೆಚ್ಚಿನದನ್ನು ಭೂಮಿಗೆ ಬಿಟ್ಟು ಮತ್ತೆ ಮುಚ್ಚಿಕೊಳ್ಳುತ್ತದೆ. ಕೋಡಿಯ ಹಳ್ಳ ಹೂಳು ತುಂಬಿದ್ದರೆ ಏನಾಗುವುದೆಂದು ನಿಮಗೆ ಹೇಳಬೇಕಾಗಿಲ್ಲ. ಇಲ್ಲಿ ಹಳ್ಳವೆಂದರೆ ಅರ್ತಿಂಗು.

ಒಂದು ಮನೆಯಲ್ಲಿ ನಾನೇ ನೋಡಿದ್ದೇನೆ. ಮೇನ್ ಬೋರ್ಡಿನಲ್ಲಿ ಹೊಸ ಪ್ರೊಟೆಕ್ಟರು ಹಸಿರು ಗುರುತು ತೋರಿಸುತ್ತ ಕುಳಿತಿತ್ತು. ಅದರ ಅರ್ತಿನ ತಂತಿಯನ್ನು ಹಿಡಿದು ಹೊರಗೆ ಹೋದರೆ, ಅದು ಗೋಡೆಯ ಬುಡದಲ್ಲಿ ಒಂದು ಮೊಳೆಗೆ ಸುತ್ತಿ ಮುಗಿದಿತ್ತು! ಗುಂಡಿಯೇ ಇರಲಿಲ್ಲ. ಹಣ ಕೊಟ್ಟವರು ನಿಶ್ಚಿಂತೆಯಿಂದ ಇದ್ದರು.

ಆದ್ದರಿಂದ ಮೊದಲು ಅರ್ತಿಂಗು ಮಾಡಿಸಿರಿ. ಎರಡೂವರೆ ಮೀಟರಿಗೆ ಕಡಿಮೆಯಿಲ್ಲದ ಜಿ.ಐ. ಪೈಪನ್ನು ನೆಲದಲ್ಲಿ ಹೂಳಬೇಕು. ಪೈಪಿನ ಸುತ್ತ ಇದ್ದಿಲು ಮತ್ತು ಉಪ್ಪನ್ನು ತುಂಬುವುದು ಹಳೆಯ ಪದ್ಧತಿ. ಈಗ ಇದಕ್ಕೆಂದೇ ಪುಡಿಯೂ ದೊರೆಯುತ್ತದೆ. ಕೆಮ್ಮಣ್ಣು, ಕಲ್ಲು ಬೆರೆತ ಒಣ ನೆಲದಲ್ಲಿ ಒಂದು ಗುಂಡಿ ಸಾಲದೆ ಬರಬಹುದು. ವೈರ್‌ಮನ್ನಿಗೆ ಮೀಟರಿನಿಂದ ಅಳೆದು ತೋರಿಸುವಂತೆ ಹೇಳಿರಿ. 5 ಓಮ್‌ಗಿಂತ ಕಡಿಮೆ ಬಂದರೆ ಒಳ್ಳೆಯದು. ಬೇಸಗೆಯಲ್ಲಿ ವಾರಕ್ಕೊಮ್ಮೆ ಗುಂಡಿಗೆ ಎರಡು ಕೊಡ ನೀರು ಹಾಕಿರಿ. ನಲ್ಲಿಯ ಪೈಪಿಗೆ ಅರ್ತಿನ ತಂತಿ ಕಟ್ಟಲೇ ಕೂಡದು.

ಪ್ಲಗ್ಗಿಗೆ ಸಿಕ್ಕಿಸುವ ಸ್ಪೈಕ್ ಗಾರ್ಡ್ ಪಟ್ಟಿಗಳು ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಅವು ಆ ಪಟ್ಟಿಗೆ ಸಿಕ್ಕಿಸಿದ ಸಾಮಾನಿಗಷ್ಟೇ ಅಲ್ಪಸ್ವಲ್ಪ ರಕ್ಷಣೆ. ತಂತಿಗೆ ಸೇರಿಸಿ ಬೋರ್ಡಿನಲ್ಲಿ ಶಾಶ್ವತವಾಗಿ ಕೂಡಿಸುವ ಸಾಧನ ಇಡೀ ಮನೆಗೆ ಕೆಲಸ ಮಾಡುತ್ತದೆ. ಕೊಳ್ಳುವಾಗ ಮೇಲಿನ ಅಕ್ಷರಗಳನ್ನು ಓದಿರಿ. ಐ.ಇ.ಸಿ. 61643-11 ಎಂಬ ಗುರುತಿರಲಿ. ಸಾಧಾರಣ ಮನೆಗೆ ಟೈಪ್ 2 ಸಾಕು. ಮನೆಯ ಮೇಲೆ ಸಿಡಿಲುಕಂಬಿ ನೆಟ್ಟಿದ್ದರೆ ಟೈಪ್ 1 ಸೇರಿರುವುದು ಬೇಕು. ಯು.ಸಿ. ಎಂದು ಬರೆದಲ್ಲಿ 275ರ ಬದಲು 320 ವೋಲ್ಟು ಇರುವುದನ್ನು ಆರಿಸಿರಿ, ಏಕೆಂದರೆ ರಾತ್ರಿಯ ಹೊತ್ತು ಹಳ್ಳಿಯ ಲೈನಿನಲ್ಲಿ ವೋಲ್ಟೇಜು ಮೇಲೇರುವುದುಂಟು. ಯು.ಪಿ. ಎಂಬುದು 1.5 ಕಿಲೋವೋಲ್ಟಿಗೆ ಮೀರಿರಬಾರದು.

ಕೂಡಿಸುವ ಕೆಲಸವನ್ನು ಲೈಸೆನ್ಸು ಇರುವ ವೈರ್‌ಮನ್ ಮಾಡತಕ್ಕದ್ದು. ನೀವು ಪಕ್ಕದಲ್ಲಿ ನಿಂತು ನೋಡಿರಿ. ಮೀಟರಿನ ಸೀಲನ್ನು ಯಾರೂ ಮುಟ್ಟಬಾರದು. ಮೀಟರಿನಿಂದ ಈಚೆಗಿನ ಮೇನ್ ಸ್ವಿಚ್ಚನ್ನು ಆರಿಸಿ, ಟೆಸ್ಟರ್ ಹಿಡಿದು ನೋಡಿದ ಮೇಲೆಯೇ ಕೈ ಹಾಕಬೇಕು. ಗುಡುಗುವ ದಿನ ಈ ಕೆಲಸ ಬೇಡವೇ ಬೇಡ. ಪ್ರೊಟೆಕ್ಟರು ಮೇನ್ ಸ್ವಿಚ್ಚಿನ ನಂತರ, ಆರ್.ಸಿ.ಸಿ.ಬಿ. ಇದ್ದರೆ ಅದಕ್ಕಿಂತ ಮುಂಚೆ, ಫೇಸಿನಿಂದ ಒಂದು ಕವಲಾಗಿ ಬರಬೇಕು. ಆ ಕವಲಿನಲ್ಲಿ ತಯಾರಕರು ಹೇಳಿದ ಅಳತೆಯ ಫ್ಯೂಸು ಅಥವಾ ಎಂ.ಸಿ.ಬಿ. ಇರಲಿ. ಅರ್ತಿನ ತಂತಿ 6 ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದ ತಾಮ್ರದ್ದಾಗಿರಬೇಕು.

ಈಗ ಬಹಳ ಜನ ತಪ್ಪುವ ಒಂದು ವಿಷಯ. ಫೇಸಿನಿಂದ ಪ್ರೊಟೆಕ್ಟರಿಗೆ, ಅಲ್ಲಿಂದ ಬೋರ್ಡಿನ ಅರ್ತ್ ಪಟ್ಟಿಗೆ, ಎರಡೂ ತಂತಿ ಸೇರಿ ಅರ್ಧ ಮೀಟರಿಗೆ ಮೀರಕೂಡದು. ಸರ್ಜಿನ ವೇಗಕ್ಕೆ ನೆಟ್ಟಗಿನ ತಂತಿಯೂ ಅಡ್ಡಿಯೇ. ಉದ್ದ ಒಂದು ಮೀಟರಾದರೆ ಅದರಲ್ಲೇ ಸುಮಾರು 1000 ವೋಲ್ಟು ನಿಂತುಬಿಡಬಹುದು. 1500 ವೋಲ್ಟಿಗೆ ತಡೆಯುವ ಸಾಧನವನ್ನು ಕೊಂಡು, ಉದ್ದ ತಂತಿ ಹಾಕಿ 2500 ವೋಲ್ಟನ್ನು ಟಿ.ವಿ.ಗೆ ಉಣಿಸಿದ ಹಾಗೆ. ಕೆಲವರು ಮಿಕ್ಕ ತಂತಿಯನ್ನು ಕತ್ತರಿಸದೆ ಅಂದವಾಗಿ ಸುರುಳಿ ಸುತ್ತಿಡುತ್ತಾರೆ. ಇದು ಇನ್ನೂ ಕೆಟ್ಟದು. ಕತ್ತರಿಸಿಯೇ ಹಾಕಿಸಿರಿ.

ಪ್ರೊಟೆಕ್ಟರು ಎಲ್ಲವನ್ನೂ ತಡೆಯುತ್ತದೆಂದು ತಿಳಿಯಬೇಡಿರಿ. ಕಂಬದ ಮೇಲೆ ನ್ಯೂಟ್ರಲ್ ತಂತಿ ಸಡಿಲವಾದರೆ ಒಂದು ಮನೆಯ ದೀಪ ಮಂಕಾಗಿ, ಇನ್ನೊಂದು ಮನೆಯದು ಕಣ್ಣು ಕುಕ್ಕುವಂತೆ ಉರಿಯುತ್ತದೆ. ಆಗ 400 ವೋಲ್ಟಿನ ಹತ್ತಿರ ಬಹಳ ಹೊತ್ತು ನಿಲ್ಲಬಹುದು. ಕ್ಷಣದ ಏರಿಗೆಂದು ಮಾಡಿದ ಬಿಲ್ಲೆ ಇದಕ್ಕೆ ಸುಟ್ಟೇಹೋಗುತ್ತದೆ. ಇಂಥ ಸೂಚನೆ ಕಂಡರೆ ಮೇನ್ ಆರಿಸಿ 1912ಕ್ಕೆ ಫೋನು ಮಾಡಿರಿ. ಇದಕ್ಕಾಗಿ ವೋಲ್ಟೇಜು ಹೆಚ್ಚಿದರೂ ಕುಗ್ಗಿದರೂ ಲೈನನ್ನು ಕತ್ತರಿಸುವ ರಿಲೇ ಬೇರೆ ಇದೆ. ಅಮೆರಿಕಾದಲ್ಲಿ ಬಸ್ಸಿನಂಥ ವಾಹನದಲ್ಲೇ ಸಂಸಾರ ಹೂಡಿ ಊರೂರು ತಿರುಗುವವರಿದ್ದಾರೆ. ಇಂದು ಒಂದು ಕಡೆಯ ಕರೆಂಟು, ನಾಳೆ ಇನ್ನೊಂದು ಕಡೆಯದು, ಯಾವುದನ್ನೂ ನಂಬುವಂತಿಲ್ಲ. ಅವರಲ್ಲಿ ಅನೇಕರು ಈ ಎರಡು ಕಾವಲುಗಳೂ ಒಂದೇ ಪೆಟ್ಟಿಗೆಯಲ್ಲಿರುವ ಸಾಧನವನ್ನು ವಾಹನದ ತಂತಿಗೇ ಸೇರಿಸಿಕೊಂಡಿರುತ್ತಾರೆ. ಒಂದೇ ಕಡೆ ನಿಂತಿರುವ ನಮ್ಮ ಮನೆಗೂ ಎರಡೂ ಬೇಕು.

ಇನ್ನು ಪಂಪ್‌ಸೆಟ್ಟು. ಇಲ್ಲಿ ನಷ್ಟ ದೊಡ್ಡದು. ಮೊದಲು ಕೆಡುವುದು ಆಟೋ ಸ್ಟಾರ್ಟರು, ಮೊಬೈಲಿನಿಂದ ನಡೆಯುವ ಸ್ಟಾರ್ಟರು. ವೈಂಡಿಂಗ್ ಸುಟ್ಟರೆ ಮೋಟಾರನ್ನು ಮೇಲಕ್ಕೆ ಎತ್ತಿಸುವ ಕೂಲಿಯೇ ಒಂದು ಹೊರೆ. ಅಷ್ಟರಲ್ಲಿ ಬೆಳೆ ಒಣಗುವುದು ಬೇರೆ. ಕೊಳವೆಬಾವಿಯ ಮೋಟಾರು ನೀರಿನಲ್ಲಿ ಮುಳುಗಿರುತ್ತದೆ. ಸಿಡಿಲಿನ ಕರೆಂಟಿಗೆ ಭೂಮಿಗಿಳಿಯಲು ಆ ನೀರಿಗಿಂತ ಒಳ್ಳೆಯ ದಾರಿ ಇಲ್ಲ. ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಮೂರು ಫೇಸಿನ ಪ್ರೊಟೆಕ್ಟರನ್ನು ಕೂಡಿಸಿ ಅದನ್ನು ಪಕ್ಕದ ಒಣ ಗುಂಡಿಗೆ ಮಾತ್ರ ಕಟ್ಟಿದರೆ, ಸರ್ಜು ಗುಂಡಿಯನ್ನು ಬಿಟ್ಟು ಮೋಟಾರಿನ ಮೂಲಕವೇ ನೀರಿಗೆ ಇಳಿಯಬಹುದು. ಆದ್ದರಿಂದ ಅದರ ಅರ್ತಿನ ತಂತಿಯನ್ನು ಕಬ್ಬಿಣದ ಕೇಸಿಂಗ್ ಪೈಪಿಗೂ, ನೀರಿನವರೆಗೆ ಇಳಿದಿರುವ ಜಿ.ಐ. ಪೈಪಿಗೂ ಸೇರಿಸಬೇಕು. ಪೈಪು ಪ್ಲಾಸ್ಟಿಕ್ಕಿನದಾದರೆ ಕೇಬಲ್ಲಿನ ಜೊತೆ ಬೇರೆ ಅರ್ತ್ ತಂತಿಯನ್ನು ಮೋಟಾರಿನ ಮೈವರೆಗೆ ಇಳಿಸಬೇಕು. ಮೋಟಾರು ಯಾವುದಾದರೂ ಕಾರಣಕ್ಕೆ ಮೇಲೆ ಬಂದಾಗಲೇ ಈ ತಂತಿಯನ್ನು ಕಟ್ಟಿಸಿಬಿಟ್ಟರೆ ಎತ್ತುವ ಕೂಲಿ ಎರಡನೆಯ ಸಲ ಇರುವುದಿಲ್ಲ.

ಬಿಲ್ಲೆ ಏಟು ತಿಂದು ತಿಂದು ಸವೆಯುತ್ತದೆ. ಪ್ರೊಟೆಕ್ಟರಿನ ಮುಖದಲ್ಲಿ ಒಂದು ಸಣ್ಣ ಕಿಟಕಿ ಇರುತ್ತದೆ. ಹಸಿರು ಹೋಗಿ ಕೆಂಪು ಬಂದರೆ ಮನೆಯ ಕರೆಂಟು ಎಂದಿನಂತೆಯೇ ಇರುತ್ತದೆ, ಆದರೆ ಕಾವಲು ಮುಗಿದಿರುತ್ತದೆ. ಒಳಗಿನ ತುಂಡನ್ನಷ್ಟೇ ಕಿತ್ತು ಬದಲಾಯಿಸುವಂಥವು ದೊರೆಯುತ್ತವೆ. ಜೋರಾದ ಗುಡುಗು ಮಳೆ ಬಂದುಹೋದ ಮಾರನೆಯ ಬೆಳಿಗ್ಗೆ, ಹಾಲು ಡೈರಿಗೆ ಹಾಕಿ ಬಂದ ಮೇಲೆ, ಬೋರ್ಡಿನ ಬಾಗಿಲು ತೆಗೆದು ಆ ಕಿಟಕಿಯನ್ನು ಒಮ್ಮೆ ನೋಡಿರಿ.